ಇಂಶಿರಾಹ್ ಅಜ್ಜಿಯ ಬುಟ್ಟಿ

ಅಲೆಕ್ಸಾಂಡ್ರಿಯಾದ ನಮ್ಮ ಓಣಿಯ ಐದು ಮಹಡಿ ಕಟ್ಟಡದಷ್ಟು ಎತ್ತರದ್ದು ಭೂಮಿಯ ಮೇಲೆ ಇನ್ನೊಂದಿಲ್ಲ. ಮೇಲಿನ ಮಹಡಿಯಲ್ಲಿ ಯಾರಾದರೂ ಸೀನಿದರೆ, ಆ ಸದ್ದು ಕೆಳಗಿನ ದಿನಸಿ ಅಂಗಡಿಯ ಬಯ್ಯೂಮಿಯ ಕಿವಿಗೆ ಬಿದ್ದು ಅವನು ‘ದೇವರು ಕಾಪಾಡಲಿ’ ಎನ್ನುವಷ್ಟರಲ್ಲಿ ಸೀನಿದವರ ನೆಗಡಿಯೇ ವಾಸಿಯಾಗಿರುತ್ತದೆ. ಇದಕ್ಕಿಂತ ಎತ್ತರದ ಕಟ್ಟಡಗಳಿವೆ ಎಂದು ವಾದಿಸುವವರಿದ್ದಾರೆ. ಪಾಪ, ಅವರು ಇದರ ಮೆಟ್ಟಿಲು ಹತ್ತಿದವರಲ್ಲ.

ಐದನೇ ಮಹಡಿಯ ಇಂಶಿರಾಹ್ ಅಜ್ಜಿಯೂ ಆ ಮೆಟ್ಟಿಲ ಗೊಡವೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಅವಳ ಬದಲು ಹತ್ತಿ ಇಳಿಯುತ್ತಿದ್ದುದು ಅವಳ ಬುಟ್ಟಿ. ಖರ್ಜೂರದ ಗರಿಯಲ್ಲಿ ಹೆಣೆದ ಬುಟ್ಟಿ, ಅದಕ್ಕೆ ಗಂಡನ ದೋಣಿಯಿಂದ ಉಳಿದ ದಪ್ಪ ಹಗ್ಗ. ಆ ಹಗ್ಗದಲ್ಲಿ ಅವನೊಮ್ಮೆ ತಿಮಿಂಗಿಲವನ್ನೇ ದಡಕ್ಕೆ ಕಟ್ಟಿಹಾಕಿದ್ದನಂತೆ. ತಿಮಿಂಗಿಲ ಈವರೆಗೆ ಇಲ್ಲವೆಂದಿಲ್ಲ. ಬೆಳಗಾದರೆ ಅಜ್ಜಿ ಬಾಲ್ಕನಿಯಿಂದ ಬುಟ್ಟಿ ಇಳಿಸುವಳು. ಬಯ್ಯೂಮಿ ಅದರಲ್ಲಿ ರೊಟ್ಟಿ, ಬೇಯಿಸಿದ ಅವರೆ, ಮೊಟ್ಟೆ ಇಡುವನು. ಅಜ್ಜಿ ಸೇದಿಕೊಳ್ಳುವಳು. ಜಗತ್ತು ಸರಿಯಾಗಿ ನಡೆಯುತ್ತಿತ್ತು.

ಈ ಚಳಿಗಾಲದಲ್ಲಿ ಹಗ್ಗ ಅಜ್ಜಿಯ ಅಂಗೈಯನ್ನು ಸೀಳತೊಡಗಿತು. ಭುಜ ಹಿಡಿದುಕೊಂಡಿತು. ಟೀ ಲೋಟಕ್ಕಿಂತ ಭಾರದ್ದನ್ನು ಎತ್ತಕೂಡದೆಂದು ಡಾಕ್ಟರು ಹೇಳಿದರು. ಜೊತೆಗೇ ಇದ್ದ ಮಗಳು ನಾದಿರಾ, ಸಾಮಾನೆಲ್ಲ ತಾನೇ ಹೊತ್ತು ತರುತ್ತೇನೆ, ಬುಟ್ಟಿ ಇನ್ನು ಅಡುಗೆಮನೆಯ ಮೊಳೆಗೆ ಎಂದು ತೀರ್ಪು ಕೊಟ್ಟಳು. ಮೊಳೆಯನ್ನು ಹೊಡೆದೂ ಬಿಟ್ಟಳು. ಅಜ್ಜಿ ಆ ಮೊಳೆಯನ್ನು ನೋಡಿ ಏನೂ ಅನ್ನಲಿಲ್ಲ. ಏನೂ ಅನ್ನದ ಇಂಶಿರಾಹ್ ಅಜ್ಜಿಯನ್ನು ನಮ್ಮ ಓಣಿ ಅದುವರೆಗೆ ಕಂಡಿರಲಿಲ್ಲ, ಬೆಕ್ಕುಗಳೂ ಗಾಬರಿಯಾದವು.

ಅದನ್ನು ಕಂಡು ತಡೆಯಲಾರದೆ ಹೋದವಳು ನಾದಿರಾಳ ಮಗಳು ಶಾಹಿಂದಾ. ಹದಿಮೂರರ ಹುಡುಗಿ, ಮೊಂಡುತನದಲ್ಲಿ ಮುನ್ನೂರರವಳು. ಬುಟ್ಟಿ ಇಳಿಯಲು ಬೇರೆ ದಾರಿ ತಾನು ಮಾಡಿಕೊಡುತ್ತೇನೆಂದು ತಾಯಿಯೊಡನೆ ಹಟ ಹಿಡಿದಳು. ತಾಯಿ ತಿಂಗಳ ಕೊನೆಯವರೆಗೆ ಗಡುವು ಕೊಟ್ಟಳು. ಆಮೇಲೆ ಮೊಳೆಯೇ ಗತಿ.

ಹುಡುಗಿಗೆ ಇಷ್ಟು ಧೈರ್ಯ ಬರಲು ಕಾರಣ ಶಾಲೆಯಲ್ಲಿ ಆ ವಾರವಷ್ಟೇ ಶುರುವಾಗಿದ್ದ ಹೊಸ ಪಾಠ. ವಜ್ದಿ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಒಂದು ವೃತ್ತ ಬರೆದಿದ್ದರು. ಅದು ಎಷ್ಟು ದುಂಡಗಿತ್ತೆಂದರೆ ಗೋಡೆ ಗಡಿಯಾರ ನಾಚಿ ನಿಂತುಹೋಯಿತು. ಎಂಜಿನಿಯರ್ ಕೆಲಸವೆಂದರೆ ನೇರ ರಸ್ತೆಯಲ್ಲ, ಗಾಣದ ಸುತ್ತು ಎಂದು ಅವರು ವಿವರಿಸಿದರು. ಯಾರಿಗೆ ಏನು ನೋಯುತ್ತಿದೆ ಎಂದು ತಿಳಿ, ಹತ್ತು ದಾರಿ ಯೋಚಿಸು, ಒಂದನ್ನು ಮಾಡು, ಅದು ಎಲ್ಲಿ ಮುರಿಯುತ್ತದೆ ನೋಡು, ಮತ್ತೆ ಮೊದಲಿಗೆ ಬಾ. ಪ್ರತಿಯೊಬ್ಬರೂ ಮನೆಯಲ್ಲಿ ಒಂದು ನೋವು ಹುಡುಕಿ ಅದಕ್ಕೊಂದು ಸಾಧನ ಮಾಡಬೇಕು. ಕೊನೆಗೆ ಒಂದೇ ಪರೀಕ್ಷೆ.

“ನೀವು ಪಕ್ಕದಲ್ಲಿ ಇಲ್ಲದೇ ಇರೋವಾಗ್ಲೂ ಅದನ್ನ ಬಳಸ್ತಾರಾ?” ಎಂದರು ಮೇಷ್ಟ್ರು. “ಬಳಸಿದ್ರೆ ಪಾಸು. ಇಲ್ಲಾಂದ್ರೆ ನೀವು ಮಾಡಿದ್ದು ಬರೀ ಅಲಂಕಾರದ ಸಾಮಾನು.”

ಶಾಹಿಂದಾ ಮೊದಲು ಮಾಡಿದ್ದು ಒಂದು ರಾಟೆ. ತಾನು ಕೂಸಾಗಿದ್ದಾಗಿನ ತಳ್ಳುಗಾಡಿಯ ಚಕ್ರವನ್ನು ಬಾಲ್ಕನಿಯ ಕಂಬಿಗೆ ಕಟ್ಟಿ, ಅದರ ಮೇಲೆ ನೈಲಾನ್ ಹಗ್ಗ ಹಾಯಿಸಿದಳು. ಬುಟ್ಟಿ ಇಳಿಯುವಾಗ ಚೆನ್ನಾಗಿಯೇ ಇಳಿಯಿತು. ಮೊಟ್ಟೆ ಹೊತ್ತು ಮೇಲೆ ಬರುವಾಗ ಬಾಲ್ಕನಿಯ ಬಳಿ ಬಂದದ್ದು ಕೈ ಜಾರಿ ವಾಪಸು ಹೊರಟಿತು. ಸಮುದ್ರದ ಮೇಲಿನ ಸಿಡಿಲೂ ಅಷ್ಟು ಬೇಗ ಇಳಿದಿಲ್ಲ. ಬುಟ್ಟಿ ನೇರ ಬಯ್ಯೂಮಿಯ ಆಲಿವ್ ಪೀಪಾಯಿಗೆ ಬಿತ್ತು. ಅವನು ಗಡ್ಡದಿಂದ ಹಳದಿ ಒರೆಸಿಕೊಳ್ಳುತ್ತಾ ಮೇಲೆ ನೋಡಿದ.

“ಇಂಶಿರಾಹಮ್ಮಾ, ಇಷ್ಟು ಎತ್ತರದಿಂದ ಮೊಟ್ಟೆ ಇಡೋ ಕೋಳಿ ಯಾವಾಗ ತಂದ್ರಿ?”

ಶಾಹಿಂದಾ ವೃತ್ತದ ಮೊದಲಿಗೆ ಹೋದಳು. ಈ ಸಲ ಹಗ್ಗದ ಇನ್ನೊಂದು ತುದಿಗೆ ಕಡಲತೀರದ ಮರಳು ತುಂಬಿದ ಚೀಲ ಕಟ್ಟಿದಳು. ಬುಟ್ಟಿಯ ಭಾರಕ್ಕೆ ಮರಳಿನ ಭಾರ ಸಮ. ತಿರುಗಿಸಲು ಹಿಡಿಕೆ. ಬುಟ್ಟಿ ಕೆಳಗಿನ ಬಾಲ್ಕನಿಗಳಿಗೆ ತಾಗದಂತೆ ಚಕ್ರವನ್ನು ಬೇರೊಂದು ಉದ್ದ ಕಂಬಿಗೆ ಕಟ್ಟಿ ಒಂದು ಮಾರು ಹೊರಗೆ ಚಾಚಿದಳು. ಆಹಾ, ಅದರ ನಡೆಯೇ ನಡೆ. ಕಿರುಬೆರಳಲ್ಲಿ ತಿರುಗಿಸಿದರೆ ಸಾಕು, ಬುಟ್ಟಿ ಎಲ್ಲಿಯೂ ತಡೆಯದೆ, ಯಾರನ್ನೂ ಮುಟ್ಟದೆ, ಹಂಸದಂತೆ ಇಳಿದು ಹಂಸದಂತೆ ಏರುತ್ತಿತ್ತು. ಪಿರಮಿಡ್ಡು ಕಟ್ಟಿದವರ ಕೈಯಲ್ಲಿ ಇದೊಂದು ಇದ್ದಿದ್ದರೆ ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿಸಿ ಮಲಗುತ್ತಿದ್ದರು.

“ಹೇಗಿದೆ ಅಜ್ಜಿ?”

“ನಿನ್ನ ಕೈ ತಣ್ಣಗಿರಲಿ ಮಗಳೇ. ರಾಣಿ ಮನೇಲೂ ಇಂಥದ್ದಿಲ್ಲ.”

“ಭಾರ ಆಗುತ್ತಾ?”

“ಹೂವು ಕಣೇ, ಹೂವು.”

ಶಾಹಿಂದಾ ಶಾಲೆಯಲ್ಲಿ ಎದೆ ಎಷ್ಟು ಉಬ್ಬಿಸಿಕೊಂಡು ನಡೆದಳೆಂದರೆ ಬಾಗಿಲ ಎರಡೂ ಕದ ತೆರೆಯಬೇಕಾಯಿತು.

ಕೆಲವು ದಿನಗಳಾದ ಮೇಲೆ ಊಟಕ್ಕೆ ಕೂತಾಗ ಅಜ್ಜಿ ರೊಟ್ಟಿಗೆ ಕೈ ಚಾಚಿದಳು. ಅಂಗೈಯಲ್ಲಿ ಕೆಂಪಗೆ ಹೊಸ ಗೀರು. ದೋಣಿ ಹಗ್ಗದ ಎಳೆಎಳೆಯೂ ಅಲ್ಲಿ ಅಚ್ಚಾಗಿತ್ತು. ಹುಡುಗಿಯ ಕಣ್ಣು ಅಲ್ಲಿಗೆ ಹೋದದ್ದನ್ನು ಕಂಡು ಅಜ್ಜಿ ಪಾತ್ರೆ ಉಜ್ಜಿ ಹೀಗಾಯಿತೆಂದು ಹೇಳಿ ಕೈಯನ್ನು ಶಾಲಿನೊಳಗೆ ಸೇರಿಸಿದಳು. ನಾದಿರಾ ಮಾತ್ರ ಗೀರನ್ನೊಮ್ಮೆ, ಮೊಳೆಯನ್ನೊಮ್ಮೆ ನೋಡಿದಳು. ತಿಂಗಳಿನ್ನೂ ಮುಗಿದಿಲ್ಲವೆಂದು ಶಾಹಿಂದಾ ನೆನಪಿಸಬೇಕಾಯಿತು. ತಾನು ಮನೆಯಲ್ಲಿದ್ದಾಗ ಹೂವು, ಇಲ್ಲದಾಗ ದೋಣಿ ಹಗ್ಗ. ಅಂದರೆ ತಾನು ಮಾಡಿದ್ದು ಅಲಂಕಾರದ ಸಾಮಾನೇ ಸರಿ.

ಮರುದಿನ ಮೇಷ್ಟ್ರ ಮುಂದೆ ನಿಂತು, ಅಜ್ಜಿಯನ್ನು ಕೇಳಿದ್ದೆ, ಎಲ್ಲವೂ ಚೆನ್ನಾಗಿದೆ ಎಂದಿದ್ದಳು ಎಂದು ಅಳುಮುಖ ಮಾಡಿದಳು. ಮೇಷ್ಟ್ರು ನಗಲು ಶುರುವಿಟ್ಟವರು ಗಂಟೆ ಬಾರಿಸಿದರೂ ನಿಲ್ಲಿಸಲಿಲ್ಲ.

“ಅಲ್ವೇ, ಕೈಯಾರೆ ಮಾಡಿಕೊಟ್ಟು ‘ಹೇಗಿದೆ’ ಅಂತ ಕೇಳಿದ್ರೆ ನಮ್ಮೂರಲ್ಲಿ ಯಾರಾದ್ರೂ ಚೆನ್ನಾಗಿಲ್ಲ ಅಂತಾರಾ? ನಮ್ಮತ್ತೆ ಮದುವೆ ದಿನ ಸೊಪ್ಪಿನ ಸಾರು ಬಡಿಸಿದ್ರು. ಮರ್ಯಾದೆಗೆ ಭೇಷ್ ಅಂದೆ. ಅವತ್ತಿಂದ ಇವತ್ತಿನ ತನಕ ಅದನ್ನೇ ತಿಂತಿದ್ದೀನಿ.” ಅವರು ಕಣ್ಣೊರೆಸಿಕೊಂಡರು. “ಬಾಯನ್ನ ಕೇಳ್ಬೇಡ ಮಗಳೇ. ಸುಮ್ನೆ ಕೂತು ನೋಡು.”

ಶನಿವಾರ ರಜೆ. ಗೆಳತಿಯ ಮನೆಗೆ ಹೋಗುತ್ತೇನೆಂದು ಮೆಟ್ಟಿಲಿಳಿದ ಶಾಹಿಂದಾ ಬಯ್ಯೂಮಿಯ ಅಂಗಡಿಯ ಟೊಮ್ಯಾಟೊ ಪೆಟ್ಟಿಗೆಗಳ ಹಿಂದೆ ಕುಕ್ಕರುಗಾಲಲ್ಲಿ ಕೂತಳು. ಮೇಲೆ ಬಾಲ್ಕನಿಯಲ್ಲಿ ಅಜ್ಜಿ ಕಾಣಿಸಿಕೊಂಡಳು. ಅತ್ತಿತ್ತ ನೋಡಿದಳು. ಕಳ್ಳಬೆಕ್ಕಿಗೂ ಅಷ್ಟು ಎಚ್ಚರವಿರುವುದಿಲ್ಲ. ಯಂತ್ರದ ಬುಟ್ಟಿ ಬಿಚ್ಚಿ ದೋಣಿ ಹಗ್ಗಕ್ಕೆ ಕಟ್ಟಿ, ಗೋಡೆಯ ಪಕ್ಕದಲ್ಲೇ ಇಳಿಬಿಟ್ಟಳು.

ಬುಟ್ಟಿ ನಾಲ್ಕನೇ ಮಹಡಿಯಲ್ಲಿ ನಿಂತಿತು. ಅವಾತಿಫಮ್ಮನ ದಪ್ಪ ಕೈ ಹೊರಬಂದು ಮುಚ್ಚಿದ ಬೋಗುಣಿಯೊಂದನ್ನು ಅದರಲ್ಲಿಟ್ಟಿತು. ಮೂರನೇ ಮಹಡಿಯಲ್ಲಿ ಮತ್ತೆ ನಿಂತಿತು. ಟ್ರಾಮ್ ಓಡಿಸಿ ನಿವೃತ್ತನಾದ ಫಿಕ್ರಿ ಮಾಮ ಆ ಬೋಗುಣಿ ಎತ್ತಿಕೊಂಡು, ತನ್ನ ಮಾತ್ರೆಯ ಖಾಲಿ ಡಬ್ಬಿಯನ್ನೂ ಎರಡು ನಿಂಬೆಹಣ್ಣನ್ನೂ ಹಾಕಿದ. ಹೀಗೆ ಇಳಿದು ಬಂದ ಬುಟ್ಟಿಯಲ್ಲಿ ಅರ್ಧ ಅಲೆಕ್ಸಾಂಡ್ರಿಯಾ ಇತ್ತು. ಏರುವಾಗ ಒಬ್ಬರ ಮಾತ್ರೆ, ಇನ್ನೊಬ್ಬರ ರೊಟ್ಟಿ, ಮತ್ತೊಬ್ಬರಿಗೆ ನಿಂಬೆಹಣ್ಣು. ನಿಂತಲ್ಲೆಲ್ಲ ಮಾತು. ಶಾಹಿಂದಾ ಹುಟ್ಟುವ ಮೊದಲಿನಿಂದಲೂ ಇದು ಹೀಗೆಯೇ ನಡೆದಿತ್ತು, ಅವಳು ಶಾಲೆಯಲ್ಲಿರುವ ಹೊತ್ತಾದ್ದರಿಂದ ಕಣ್ಣಿಗೆ ಬಿದ್ದಿರಲಿಲ್ಲ.

ನಾಲ್ಕನೇ ಮಹಡಿಯ ಮಾತು ಪೂರ್ತಿ ಕೆಳಗೆ ಕೇಳಿಸಿತು. ಅವಾತಿಫಮ್ಮ ಪಿಸುಗುಟ್ಟಿದರೂ ಬಂದರಿನ ಹಡಗುಗಳು ಉತ್ತರ ಕೊಡುತ್ತವೆ.

“ಇವತ್ತು ಕೋಪ ಇಳೀತೇನೇ ಇಂಶಿರಾಹ್? ಒಂದೊಂದು ದಿನ ನಿನ್ನ ಬುಟ್ಟಿ ಜಮೀನ್ದಾರನ ಸೊಸೆ ಹಾಗೆ ಮೂತಿ ತಿರುಗಿಸ್ಕೊಂಡು ದೂರದಲ್ಲೇ ಹೋಗುತ್ತೆ. ಏನು ತಪ್ಪು ಮಾಡಿದ್ವೋ ಅಂತ ಫಿಕ್ರಿಗೆ ನಿದ್ದೆ ಇಲ್ಲ.”

“ಕೋಪ ಎಲ್ಲೀದೇ? ಹುಡುಗಿ ಮಾಡಿದ್ದು ಅದು. ಬಂಗಾರದಂಥ ಕೆಲಸ. ನಿಲ್ಲೋದೊಂದು ಗೊತ್ತಿಲ್ಲ ಅಷ್ಟೆ.” ಅಜ್ಜಿ ನೋಯುವ ಭುಜ ನೀವಿಕೊಂಡಳು. “ಅವಳ ಮುಂದೆ ಮಾತ್ರ ಅನ್ನಬೇಡ ಕಣೇ. ಮುಖ ಬಾಡುತ್ತೆ.”

ಪೆಟ್ಟಿಗೆಗಳ ಹಿಂದೆ ಆ ಮುಖ ಒಂದು ಗಳಿಗೆ ಬಾಡಿತು. ಆಮೇಲೆ ಬೆಳಗಿತು. ಎಲ್ಲಿಯೂ ನಿಲ್ಲದಂತೆ, ಯಾರಿಗೂ ತಾಗದಂತೆ ಮಾಡಲು ತಾನು ಎಷ್ಟು ಒದ್ದಾಡಿದ್ದೆ! ಬೇಕಾಗಿದ್ದದ್ದು ಎಲ್ಲರಲ್ಲಿಯೂ ನಿಲ್ಲುವ ಬುಟ್ಟಿ.

ಅವಳು ಚಾಚಿದ ಕಂಬಿಯನ್ನು ಒಳಕ್ಕೆಳೆದಳು, ಅವಾತಿಫಮ್ಮನ ಕೈ ತಲುಪುವಷ್ಟು. ಗೋಡೆಗೆ ಬಡಿದರೂ ಮೊಟ್ಟೆ ಒಡೆಯದಂತೆ ಬುಟ್ಟಿಯ ಸುತ್ತ ಸೈಕಲ್ಲಿನ ಹಳೇ ಟೈರು ಸುತ್ತಿದಳು. ಅದೇ ಸೈಕಲ್ಲಿನ ಹಲ್ಲಿನ ಚಕ್ರ ತಂದು ಹಿಡಿಕೆಗೆ ಕೂಡಿಸಿ, ಹಲ್ಲಿಗೆ ಸಿಕ್ಕುವ ಮರದ ಕೊಕ್ಕೆಯೊಂದನ್ನು ಇಟ್ಟಳು. ಕೊಕ್ಕೆ ಹಾಕಿದರೆ ಬುಟ್ಟಿ ಅಲ್ಲೇ ನಿಲ್ಲುವುದು, ಅಜ್ಜಿ ಎರಡೂ ಕೈ ಸೊಂಟದ ಮೇಲಿಟ್ಟು ಸಾವಕಾಶವಾಗಿ ಮಾತಾಡಬಹುದು. ಮರದ ಕೊಕ್ಕೆ ಮೊದಲ ದಿನ ಮುರಿಯಿತು. ಎರಡನೆಯದು ಸಿಕ್ಕಿಕೊಂಡು ಬುಟ್ಟಿ ಫಿಕ್ರಿ ಮಾಮನ ಮುಂದೆ ಅರ್ಧ ದಿನ ನೇತಾಡಿತು. ಅವನು ಅದರಲ್ಲಿದ್ದ ಚೀಸನ್ನೆಲ್ಲ ತಿಂದು, ಯಂತ್ರ ಬಹಳ ಚೆನ್ನಾಗಿದೆ ಎಂದ. ಮೂರನೆಯದು ನಿಂತಿತು. ಈ ಸಲ ಶಾಹಿಂದಾ ‘ಹೇಗಿದೆ’ ಎಂದು ಯಾರನ್ನೂ ಕೇಳಲಿಲ್ಲ. ಚೀಲ ಹೆಗಲಿಗೇರಿಸಿ ಶಾಲೆಗೆ ಹೋದಳು.

ತಿಂಗಳ ಕೊನೆಯ ದಿನ ವಜ್ದಿ ಮೇಷ್ಟ್ರು ಪರೀಕ್ಷೆ ಮಾಡಲು ಅವಳ ಜೊತೆಯಲ್ಲೇ ಓಣಿಗೆ ಬಂದರು. ತಿರುವಿನಲ್ಲಿ ಶಾಹಿಂದಾ ಕತ್ತೆತ್ತಿದವಳು ಹಾಗೆಯೇ ನಿಂತಳು. ಐದನೇ ಮಹಡಿಯ ಬಾಲ್ಕನಿಯಲ್ಲಿ ಈ ಕೊನೆಯಿಂದ ಆ ಕೊನೆಗೆ ದೋಣಿ ಹಗ್ಗ ಬಿಗಿದಿತ್ತು. ಅದರ ಮೇಲೆ ಒದ್ದೆ ಬಟ್ಟೆಗಳು ಸಮುದ್ರದ ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿದ್ದವು. ಅಡುಗೆಮನೆಯ ಮೊಳೆಗೆ ನಾದಿರಾ ಬೆಳಗ್ಗೆಯೇ ಬೆಳ್ಳುಳ್ಳಿ ಜಡೆ ನೇತುಹಾಕಿದ್ದಳು.

“ಅಜ್ಜೀನ ಕೇಳಿದ್ಯಾ?” ಎಂದರು ಮೇಷ್ಟ್ರು.

“ಇಲ್ಲ. ನೋಡಿ.”

ಅವರು ನೋಡುತ್ತಿದ್ದಂತೆ ಬುಟ್ಟಿ ಹೊರಟಿತು. ಅದರಲ್ಲಿ ಮೇಷ್ಟ್ರಿಗೆಂದು ಒಂದು ಲೋಟ ಟೀ. ನಾಲ್ಕನೇ ಮಹಡಿಯಲ್ಲಿ ನಿಂತು ಸಕ್ಕರೆ ಹಾಕಿಸಿಕೊಂಡಿತು, ಮೇಷ್ಟ್ರಿಗೆ ಎಷ್ಟು ಮಕ್ಕಳೆಂದು ವಿಚಾರಿಸಿತು. ಮೂರನೆಯದರಲ್ಲಿ ಪುದೀನ. ಎರಡನೆಯದರಲ್ಲಿ ಎಳ್ಳಿನ ಬಿಸ್ಕತ್ತು, ಮತ್ತೆ ಮಕ್ಕಳ ವಿಚಾರ. ಸಾಮ್ರಾಜ್ಯಗಳು ಹುಟ್ಟಿ ಅಳಿಯುವಷ್ಟು ಹೊತ್ತಾದ ಮೇಲೆ ಅದು ನೆಲ ಮುಟ್ಟಿತು. ಮೇಷ್ಟ್ರು ಲೋಟ ಎತ್ತಿ ಒಂದು ಗುಟುಕು ಕುಡಿದರು.

“ಪಾಸು,” ಎಂದರು. ಆಮೇಲೆ ಮೇಲೆ ನೋಡಿ ದನಿಯೆತ್ತಿ ಕೂಗಿದರು: “ಅಮ್ಮಾ, ನಿಮ್ಮ ಕೈ ತಣ್ಣಗಿರಲಿ. ಇಂಥ ಟೀ ಜನ್ಮದಲ್ಲಿ ಕುಡಿದಿಲ್ಲ.”

ಶಾಹಿಂದಾ ಅವರ ಮಾತು ಕೇಳಲಿಲ್ಲ, ಮುಖ ನೋಡಿದಳು. ಎರಡನೇ ಗುಟುಕನ್ನು ಅವರು ಔಷಧಿಯಂತೆ ನುಂಗಿದರು. ಟೀ ದಾರಿಯಲ್ಲೇ ತಣ್ಣಗಾಗಿತ್ತು. ಅವಳು ಆಗಲೇ ಬಯ್ಯೂಮಿಯ ಅಂಗಡಿಯೊಳಗೆ ಬಗ್ಗಿ, ಲೋಟಕ್ಕೆ ಒಪ್ಪುವ ಮುಚ್ಚಳ ಯಾವುದಾದರೂ ಇದೆಯೇ ಎಂದು ಡಬ್ಬಿಗಳನ್ನು ತಡಕಾಡುತ್ತಿದ್ದಳು.