ಹನ್ನೆರಡನೇ ಡಬ್ಬಿಯ ಚರಟ

ಹನ್ನೊಂದು ಡಬ್ಬಿ ಚರಟದವರೆಗೆ ಬದುಕಿದ್ದ ಚರ್ಮದ ಜೀವಕಣಗಳು ಹನ್ನೆರಡನೆಯದಕ್ಕೆ ಸತ್ತುಬಿದ್ದಿದ್ದವು. ಅಂಬುಜಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಉಜ್ಜಿಕೊಂಡು, ಮತ್ತೆ ನೋಡಿದಳು. ಸತ್ತದ್ದು ಸತ್ತದ್ದೇ.

ಮದರಾಸಿನ ಕ್ರೋಂಪೇಟೆಯ ಆ ಲ್ಯಾಬಿನಲ್ಲಿ ಸುಟ್ಟಗಾಯದವರಿಗೆಂದು ಗಾಜಿನ ತಟ್ಟೆಗಳಲ್ಲಿ ಚರ್ಮ ಬೆಳೆಸುತ್ತಿದ್ದರು. ಅದೇ ಕಣಗಳನ್ನು ನೀರಿಗೆ ಸಾಕ್ಷಿಯಾಗಿ ನಿಲ್ಲಿಸುವ ಯೋಚನೆ ಅಂಬುಜಾಳದು. ಚರ್ಮ ಹದ ಮಾಡುವ ಕಾರ್ಖಾನೆಗಳಿಂದ ಕ್ರೋಮಿಯಂ ಇಳಿದ ಬಾವಿನೀರನ್ನು ಶೋಧಿಸಿ ಅವುಗಳ ಮೇಲೆ ಬಿಡುವುದು. ಬದುಕಿದರೆ ನೀರು ಪಾಸು. ಶೋಧಿಸಲು ಅವಳು ಹಿಡಿದದ್ದು ಎದುರಿನ ಉಡುಪಿ ಹೋಟೆಲಿನ ಕಾಫಿ ಚರಟ, ಒಂದೊಂದು ಪರೀಕ್ಷೆಗೆ ಒಂದೊಂದು ಡಬ್ಬಿ. ಎರಡು ವರ್ಷದಿಂದ ಅವಳ ಪಿಎಚ್‌ಡಿ ಅದರ ಮೇಲೇ ನಿಂತಿತ್ತು.

"ಒಂದು ಡಬ್ಬಿ ತಾನೇ, ವಿಡಮ್ಮಾ, ಬಿಟ್ಬಿಡು," ಎಂದರು ಗೈಡು ತಿರುಮಲ. ಮೂರು ತಲೆಮಾರು ಮದರಾಸಿನಲ್ಲಿ ಕಳೆದ ಮನೆತನ. ಅವರ ಕನ್ನಡ ಅರ್ಧ ದಾರಿಯಲ್ಲಿ ತಮಿಳಿನ ಬಸ್ಸು ಹತ್ತುತ್ತಿತ್ತು. "ಶನಿವಾರ ಕಾಲೋನಿ ಬಾವಿ ಹತ್ರ ನೀರು ಶೋಧಿಸೋ ಡ್ರಮ್ ಕೂರಿಸ್ಬೇಕು. ಕಲೆಕ್ಟರ್ ಆಫೀಸಿಂದ ಬರ್ತಾರೆ. ಹನ್ನೊಂದು ಅಂತ ಬರಿ, ಮುಗೀತು."

"ಮಾಡಿದ್ದು ಹನ್ನೆರಡಲ್ವಾ ಸಾರ್."

"ಅಡಂ ಪಿಡಿಕ್ಕಾದೆ. ಹಟ ಮಾಡಿದೋರಿಗೆ ಡಿಗ್ರಿ ಬರಲ್ಲ."

ಅಂಬುಜಾ ನೆಟ್ಟಗೆ ರಸ್ತೆ ದಾಟಿ ಹೋಟೆಲಿಗೆ ಹೋದಳು. ಕಾಫಿ ಕಟ್ಟೆಯಲ್ಲಿ ಶೀನ ಡಿಕಾಕ್ಷನ್ ಇಳಿಸುತ್ತಿದ್ದ.

"ಶೀನಣ್ಣ, ಹೋದ ವಾರದ ಚರಟ ಕೊಟ್ಟಿದ್ದು ಯಾರು?"

"ನಮ್ಮ ಕ್ಲೀನರ್ ಹುಡುಗ ಸುಕೇಶ. ನಾನು ಊರಿಗೆ ಹೋಗಿದ್ದೆ ಅಲ್ವಾ, ಅಕ್ಕನ ಮಗಳ ಮದುವೆಗೆ. ಎಂತ, ನಾತ ಬಂತಾ? ಆ ಪುಣ್ಯಾತ್ಮ ಸುಣ್ಣ ಹಾಕ್ಲಿಲ್ಲ ಕಾಣ್ತದೆ."

ಶೀನ ಕೊಟ್ಟ ಕಾಫಿಯ ಲೋಟ ಅಂಬುಜಾಳ ಬಾಯಿಯ ಹತ್ತಿರವೇ ನಿಂತಿತು. "ಯಾವ ಸುಣ್ಣ?"

"ಎಂತ ಮಾರಾಯ್ತಿ, ಈ ಸೆಕೆಗೆ ಚರಟ ಎರಡು ದಿನಕ್ಕೆ ಹಳಸ್ತದೆ. ಪಾಪ, ಓದುವ ಹುಡುಗಿ ಕೊಂಡುಹೋಗುವುದು ಅಂತ ಡಬ್ಬಿಗೊಂದು ಹಿಡಿ ಸುಣ್ಣದ ಪುಡಿ ಕಲಸಿ ಕೊಡ್ತಿದ್ದೆ. ನಮ್ಮ ಕಸದ ಡ್ರಮ್ಮಿಗೂ ಹಾಗೇ ಮಾಡುವುದು. ಅದರಲ್ಲಿ ಹೇಳುವಂಥದ್ದು ಎಂತ ಉಂಟು?"

ಚರಟದಲ್ಲಿ ಕಂಡ ಬಿಳಿ ಚುಕ್ಕೆಗಳನ್ನು ಅಂಬುಜಾ ಎರಡು ವರ್ಷ ಬೂಷ್ಟೆಂದು ತಿಳಿದು ಒಣಗಿಸಿದ್ದಳು. ನೀರಿನ ಹುಳಿ ಕಡಿಮೆಯಾದದ್ದನ್ನು ಕಂಡು 'ಕಾಫಿಯ ಗುಣ' ಎಂದು ಬರೆದಿದ್ದಳು. ಸುಣ್ಣ ಬಿದ್ದರೆ ಕ್ರೋಮಿಯಂ ತಳಕ್ಕೆ ಕೂರುತ್ತದೆಂದು ಮೊದಲ ವರ್ಷದ ಹುಡುಗರಿಗೂ ಗೊತ್ತು! ಶನಿವಾರದ ಡ್ರಮ್ಮಿಗೆ ತುಂಬಿದ್ದಾದರೋ ಬೇರೆ ಕಡೆಯಿಂದ ಮೂಟೆಗಟ್ಟಲೆ ತರಿಸಿದ ಚರಟ. ಅದರಲ್ಲಿ ಶೀನನ ಹಿಡಿ ಸುಣ್ಣ ಎಲ್ಲಿಂದ ಬರಬೇಕು?

ಶನಿವಾರ ಬಾವಿಯ ಸುತ್ತ ಕನ್ನಡದವರ ಆ ಕಾಲೋನಿಯೇ ನೆರೆದಿತ್ತು. ಬಾವಿಯೊಡತಿ ಪುಟ್ಟತಾಯಮ್ಮ ಆ ನೀರಿಗೇ ಬಿರುಕುಬಿಟ್ಟ ಕೈಗಳಲ್ಲಿ ಕೊಡ ಹಿಡಿದು ಮೊದಲಿಗಳಾಗಿ ನಿಂತಿದ್ದಳು. ಅಂಬುಜಾ ಡ್ರಮ್ಮಿನ ನಲ್ಲಿಗೆ ಅಡ್ಡ ನಿಂತಳು.

"ಬಾಯಿ ತೆರೆದ್ರೆ ನಿನ್ನ ಥೀಸಿಸ್‌ಗೆ ನನ್ನ ಸಹಿ ಇಲ್ಲ," ಎಂದು ತಿರುಮಲ ಕಿವಿಯ ಹತ್ತಿರ ಬುಸುಗುಟ್ಟಿದರು.

"ಆ ಅಜ್ಜಿ ಕೈ ನೋಡಿ ಸಾರ್. ಅದಕ್ಕೆ ಹಾಕ್ತೀರಾ ಸಹಿ?"

ಆಮೇಲೆ ಅವಳು ಎಲ್ಲವನ್ನೂ ಗಟ್ಟಿಯಾಗಿ ಹೇಳಿದಳು: ಹನ್ನೆರಡನೇ ಡಬ್ಬಿ, ಶೀನನ ಸುಣ್ಣ, ತನ್ನ ತಪ್ಪು. ಈ ಡ್ರಮ್ಮಿನ ನೀರು ಯಾರೂ ಮುಟ್ಟಬೇಡಿ ಎಂದಳು.

"ಅಲ್ಲ ಕಣವ್ವಾ," ಪುಟ್ಟತಾಯಮ್ಮ ಸೊಂಟಕ್ಕೆ ಕೈಯಿಟ್ಟಳು, "ಎರಡು ವರ್ಷ ನನ್ನ ಬಾವಿ ನೀರು ಹೊತ್ಕೊಂಡ್ಹೋಗಿ ನೀನು ಕಂಡುಹಿಡಿದಿದ್ದು ಎಲೆಅಡಿಕೆ ಸುಣ್ಣಾನಾ?"

ಜನ ಘೊಳ್ಳೆಂದರು. ಅಂಬುಜಾಳ ಕಿವಿ ಬಿಸಿಯಾದರೂ ಕಾಲು ಕದಲಲಿಲ್ಲ. "ಹೂಂ ಅಜ್ಜಿ. ಸುಣ್ಣಾನೇ."

ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಕೊಡವನ್ನು ನಲ್ಲಿಯ ಕೆಳಗೆ ಬೋರಲು ಹಾಕಿ ಅದರ ಪಕ್ಕದಲ್ಲೇ ಕೂತಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಕೊಡ ಬೋರಲು ಹಾಕಿದರು. ಕಲೆಕ್ಟರ್ ಆಫೀಸಿನವರು ಜೀಪು ಹತ್ತಿದರು.

ಸೋಮವಾರ ತಿರುಮಲರ ಮೇಜಿನ ಮೇಲೆ ಅಂಬುಜಾಳ ಲ್ಯಾಬ್ ಪುಸ್ತಕ ತೆರೆದಿತ್ತು. ಹನ್ನೆರಡೂ ಸಾಲು ಶಾಯಿಯಲ್ಲಿ. ಕೊನೆಯ ಸಾಲಿನ ಮುಂದೆ: 'ಶೀನ ಊರಿಗೆ ಹೋಗಿದ್ದರು. ಸುಣ್ಣವಿಲ್ಲ. ಕಣಗಳು ಸತ್ತವು.' ಅದರ ಕೆಳಗೆ ಗೈಡಿನ ಸಹಿಗೆ ಜಾಗ ಖಾಲಿ.

"ಇದಕ್ಕೆ ಸಹಿ ಹಾಕು ಅಂತೀಯಾ?"

"ಹೂಂ ಸಾರ್. ಹೊರಗಿನ ಬೆಂಚಲ್ಲಿ ಕೂತಿರ್ತೀನಿ. ಇವತ್ತು ಆಗ್ದಿದ್ರೆ ನಾಳೆ ಬರ್ತೀನಿ. ನಾಳಿದ್ದೂ ಬರ್ತೀನಿ."