ಗಾಳಿಕಿಂಡಿಗೆ ಥರ್ಮೋಕೋಲ್

ಇಪ್ಪತ್ತಮೂರು ವರ್ಷಗಳ ಹಿಂದೆ ಕೆಲಸಕ್ಕೆಂದು ಗಲ್ಫಿನ ದಮ್ಮಾಮಿಗೆ ಹೊರಟ ದಿನ ಹೆಂಡತಿ ರಿಝ್ವಾನಾಳಿಗೆ ಒಂದು ಮಾತು ಕೊಟ್ಟಿದ್ದೆ: "ವಾಪಸ್ ಬಂದ ಮೇಲೆ ಈ ಕೋಣೆಗೆ ನನ್ನ ಕೈಯಾರೆ ಎಸಿ ಹಾಕಿ ಕೊಡ್ತೇನೆ." ಮಗಳು ಝಹ್ರಾಳಿಗೆ ಆಗ ಮೂರು ತಿಂಗಳು. ಮೈತುಂಬ ಬೆವರುಸಾಲೆ ಎದ್ದು ಅಳುತ್ತಿದ್ದಳು.

ಅಲ್ಲಿ ಹದಿನೆಂಟು ವರ್ಷ ಎಸಿ ಮೆಕ್ಯಾನಿಕ್ ಆಗಿದ್ದೆ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಎಲ್ಲ ಕೂಡಿಸಿದರೆ ಮಗಳ ಬಾಲ್ಯದಲ್ಲಿ ನಾನು ಮನೆಯಲ್ಲಿದ್ದದ್ದು ಹದಿನಾರು ತಿಂಗಳು. ಊರಿಗೆ ಬಂದ ಮೇಲೂ ಅದೇ ಕೆಲಸ. ಬೇಸಿಗೆಯಲ್ಲಿ ದಿನಕ್ಕೆ ಆರು ಮನೆ. ಊರವರ ಬೆಡ್‌ರೂಮುಗಳನ್ನೆಲ್ಲ ತಣ್ಣಗೆ ಮಾಡಿ, ದೇರೆಬೈಲಿನ ನಮ್ಮ ತಾರಸಿ ಮನೆಗೆ ಬಂದು ಬನಿಯನ್ ಹಿಂಡುತ್ತೇನೆ.

ಈ ಏಪ್ರಿಲಿನಲ್ಲಿ ಝಹ್ರಾ ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬರಬೇಕಿತ್ತು. ಬಾಣಂತನದ ನಲ್ವತ್ತು ದಿನವೂ ಇಲ್ಲೇ. ಅಷ್ಟರಲ್ಲಿ ಅವಳ ಅತ್ತೆ ರಮ್ಲಾ ಶಕ್ತಿನಗರದಿಂದ ಫೋನ್ ಮಾಡಿದರು.

"ನಮ್ಮಲ್ಲಿ ಎಸಿ ಉಂಟು. ನಿಮ್ಮಲ್ಲಿ?"

"ಹಾಕ್ತಾರೆ," ಎಂದಳು ರಿಝ್ವಾನಾ.

"ಎಸಿ ಮೆಕ್ಯಾನಿಕ್‌ನ ಮನೆಯಲ್ಲಿ ಇನ್ನೂ ಹಾಕಿ ಆಗ್ಲಿಲ್ವಾ? ಶುಕ್ರವಾರ ಬಂದು ನೋಡ್ತೇನೆ. ಸೆಖೆಯಾದ್ರೆ ಹುಡುಗಿ ಇಲ್ಲೇ ಇರ್ಲಿ."

ಆ ನಲ್ವತ್ತು ದಿನ ನನಗೆ ಬೇಕಿತ್ತು. ಹದಿನಾರು ತಿಂಗಳಿಗೆ ಸೇರಿಸಿಕೊಳ್ಳಲು ಬೇರೆ ಏನೂ ಉಳಿದಿರಲಿಲ್ಲ.

ಮಂಗಳವಾರವೇ ಕೋಣೆ ಸಿದ್ಧ ಮಾಡಿದೆ. ಎಸಿಯವನ ಕಣ್ಣಿಗೆ ಪ್ರತಿಯೊಂದು ಕಿಂಡಿಯೂ ಸೋರಿಕೆಯೇ. ಎರಡು ಗಾಳಿಕಿಂಡಿಗಳಿಗೂ ಥರ್ಮೋಕೋಲ್ ಕೊಯ್ದು ಬಡಿದೆ. ಕಿಟಕಿಯ ಸಂದಿಗೆ ಫೋಮ್ ತುಂಬಿ ಟೇಪ್ ಹೊಡೆದೆ. ಬಾಗಿಲಿನ ಅಡಿಗೆ ರಬ್ಬರ್ ಪಟ್ಟಿ. ಗೋಡೆಯಲ್ಲಿ ಪೈಪಿಗೆ ತೂತನ್ನೂ ಕೊರೆದೆ. ಗುರುವಾರ ಹೊಸ ಎಸಿ ಗಾಡಿಗೆ ಹಾಕಿಕೊಂಡೆ.

ಮನೆಗೆ ಬರುವ ದಾರಿಯಲ್ಲಿ ನನ್ನ ಹಳೇ ಗಿರಾಕಿ ಆಗ್ನೆಸ್ ಬಾಯಿಯ ಫೋನ್ ಬಂತು. ಗಂಡ ರಾಫೆಲ್ ಹೃದಯದ ಆಪರೇಷನ್ ಮುಗಿಸಿ ಅಂದೇ ಮನೆಗೆ ಬಂದಿದ್ದರು, ಎಸಿಯ ಕಂಪ್ರೆಸರ್ ಅಂದೇ ಸುಟ್ಟಿತ್ತು. ಸೋಮವಾರದವರೆಗೆ ಹೊಸತು ಯಾವ ಅಂಗಡಿಯಲ್ಲಿಯೂ ಸಿಗುವಂತಿರಲಿಲ್ಲ. ನನ್ನ ಗಾಡಿಯಲ್ಲಿತ್ತು. ಹಾಕಿ ಕೊಟ್ಟು ಬಂದೆ.

"ಎಂತ ಮಾರಾಯ್ರೆ, ನಾಳೆ ರಮ್ಲಾ ಬರ್ತಾರಲ್ಲ!" ಎಂದಳು ರಿಝ್ವಾನಾ.

"ಪೇಷೆಂಟ್ ಅಲ್ವಾ..."

"ಪೇಷೆಂಟಿಗೆ ಕೊಡ್ಬೇಡಿ ಅಂತ ನಾನು ಹೇಳಿದೆನಾ? ಆದ್ರೆ ಒಮ್ಮೆ ಆ ಕೋಣೆಯೊಳಗೆ ಹೋಗಿ ನಿಲ್ಲಿ."

ನಿಂತೆ. ಎರಡು ದಿನ ಮುಚ್ಚಿಟ್ಟ ಕೋಣೆ. ಬೇಕರಿಯವರು ನೋಡಿದ್ದರೆ ಬಾಡಿಗೆಗೆ ಕೇಳುತ್ತಿದ್ದರು.

"ಕಿಟಕಿಗೆ ಒದ್ದೆ ಗೋಣಿ ಕಟ್ಟುವಾ? ವಿಡಿಯೋದಲ್ಲಿ ತೋರಿಸ್ತಾರೆ."

"ಕಡಲಿನ ಬದಿಯ ಊರು, ಇಲ್ಲಿಯ ಗಾಳಿಯಲ್ಲೇ ನೀರು ಉಂಟು. ಗೋಣಿಯೂ ಒಣಗುವುದಿಲ್ಲ, ಕೋಣೆಯೂ ತಣಿಯುವುದಿಲ್ಲ. ಹದಿನೆಂಟು ವರ್ಷ ಈ ಕೋಣೆಯಲ್ಲಿ ಮಲಗಿದ್ದು ನಾನು, ನೀವಲ್ಲ." ಚೂರಿ ತಂದು ನನ್ನ ಕೈಗೆ ಕೊಟ್ಟಳು. "ಅದನ್ನೆಲ್ಲ ಕೊಯ್ದು ತೆಗೀರಿ."

"ಮೊನ್ನೆಯೇ ಹೇಳ್ಬಹುದಿತ್ತಲ್ಲ?"

"ಎಸಿ ಬರ್ತದೆ ಅಂದ್ರಲ್ಲ. ಇಪ್ಪತ್ತಮೂರು ವರ್ಷ ಕಾದವಳಿಗೆ ಇನ್ನೆರಡು ದಿನ ಎಂತ ಹೆಚ್ಚು?"

ಕೊಯ್ದು ತೆಗೆದೆ. ರಾತ್ರಿಯಿಡೀ ಕಿಟಕಿಗಳು ತೆರೆದೇ ಇದ್ದವು. ಶುಕ್ರವಾರ ಬೆಳಕು ಹರಿಯುವಾಗ ನನ್ನನ್ನು ತಾರಸಿಗೆ ಹತ್ತಿಸಿದಳು. ಗುಡಿಸಿ, ಎರಡು ಕೈ ಸುಣ್ಣ ಬಳಿದೆ. ಅದು ಒಣಗಿದ ಮೇಲೆ ಇಟ್ಟಿಗೆಗಳ ಮೇಲೆ ಬಿದಿರಿಟ್ಟು ತೆಂಗಿನ ಗರಿಯ ಮಡಲು ಹಾಸಿದೆ. ಮಡಲು ಕೊಟ್ಟದ್ದು ಪಕ್ಕದ ಮನೆಯ ಪಿಯುಸ್. "ಶಫೀಕಣ್ಣ, ಎಸಿಯ ಹೊಸ ಮಾಡೆಲಾ?" ಎಂದು ಕೇಳಿದ. ಹೌದು ಎಂದೆ. ಪಡುವಣ ಕಿಟಕಿಯ ಹೊರಗೂ ಬಿಸಿಲು ತಾಗದಂತೆ, ಒಂದು ಮೊಳ ದೂರದಲ್ಲಿ, ಮಡಲಿನ ತಟ್ಟಿ ನಿಲ್ಲಿಸಿದೆ.

ಒಂಬತ್ತಕ್ಕೆ ರಿಝ್ವಾನಾ ಕಿಟಕಿಗಳನ್ನೆಲ್ಲ ಮುಚ್ಚಿದಳು.

"ಈಗ ನೀನೇ ಮುಚ್ಚುವುದಾ?"

"ಮುಚ್ಚಲಿಕ್ಕೂ ಒಂದು ಹೊತ್ತು ಉಂಟು. ಕಡಲಿನ ಗಾಳಿ ಎದ್ದ ಮೇಲೆ ತೆರೆದರಾಯಿತು."

ಜುಮಾ ನಮಾಜು ಮುಗಿದ ಮೇಲೆ ರಮ್ಲಾ ಬಂದರು. ತುಪ್ಪದನ್ನ, ಕೋಳಿ ಸಾರು ಊಟವಾಯಿತು. ಅಷ್ಟರಲ್ಲಿ ರಿಝ್ವಾನಾ ಹೋಗಿ ಕಿಟಕಿ ತೆರೆದು ಬಂದಿದ್ದಳು. ರಮ್ಲಾ ಕೋಣೆಗೆ ಹೋಗಿ ಹಾಸಿಗೆಯನ್ನು ಒತ್ತಿ ನೋಡಿದರು. ಆಮೇಲೆ ಮಲಗಿಯೂ ನೋಡಿದರು. ಫ್ಯಾನ್ ತಿರುಗುತ್ತಿತ್ತು. ಐದು ನಿಮಿಷಕ್ಕೆ ಕರೆಂಟ್ ಹೋಯಿತು.

ನಾನು ಬಾಗಿಲ ಹೊರಗೆ ನಿಂತು, ಹೇಳಬೇಕಾದ ಸಬೂಬುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಪರದೆ ಒಮ್ಮೆ ಉಬ್ಬಿತು. ಕಿಟಕಿಯಿಂದ ಬಂದ ಗಾಳಿ ಮೇಲಿನ ಕಿಂಡಿಗಳಿಂದ ಹೊರಗೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗೊರಕೆ ಕೇಳಿಸಿತು.

ಸಂಜೆಯ ಅಸರ್ ನಮಾಜಿನ ಬಾಂಗ್ ಆದಾಗಲೇ ಅವರಿಗೆ ಎಚ್ಚರ. ಗೋಡೆಯ ಬರಿ ತೂತನ್ನು ನೋಡಿದರು.

"ಎಸಿ ಎಲ್ಲಿ?"

"ಇಲ್ಲ," ಎಂದೆ.

"ಕರೆಂಟ್?"

"ನೀವು ಮಲಗಿದ ಕೂಡಲೇ ಹೋಗಿದೆ. ಇನ್ನೂ ಬರ್ಲಿಲ್ಲ."

ರಮ್ಲಾ ತಲೆಯ ಮೇಲೆ ಸೆರಗು ಸರಿಮಾಡಿಕೊಂಡರು. "ನಮ್ಮ ಎಸಿ ಕೋಣೆಯಲ್ಲಿ ಕರೆಂಟ್ ಹೋದ್ರೆ ಹತ್ತು ನಿಮಿಷ ಕೂರ್ಲಿಕ್ಕೆ ಆಗುವುದಿಲ್ಲ," ಎಂದು ಗೋಡೆಗೆ ಹೇಳಿದರು. ಆಮೇಲೆ ನಮ್ಮ ಕಡೆ ತಿರುಗಿ, "ಆದಿತ್ಯವಾರ ಕಳಿಸ್ತೇನೆ. ನಿಮ್ಮ ಗಾಡಿ ತನ್ನಿ," ಎಂದರು.

ಝಹ್ರಾ ಬಂದಳು. ಹೆಣ್ಣು ಮಗು. ನಲ್ವತ್ತು ದಿನ ಪೂರ್ತಿ ಇಲ್ಲೇ ಇದ್ದರು. ಮಗುವಿಗೆ ಬೆವರುಸಾಲೆ ಎರಡು ಸಲ ಎದ್ದಿತು, ಎರಡು ಸಲ ಹೋಯಿತು. ನಡುವೆ ಒಂದು ದಿನ, ಹೊಸ ಎಸಿ ಬಂದಿದೆ, ತರಲೇ ಎಂದು ರಿಝ್ವಾನಾಳನ್ನು ಕೇಳಿದೆ.

"ಮೊದ್ಲು ಆ ಪೈಪಿನ ತೂತು ಮುಚ್ಚಿ," ಎಂದಳು. "ಮಳೆಗಾಲ ಬರ್ತಾ ಉಂಟು."

ಸಿಮೆಂಟ್ ಕಲಸಿ ಮುಚ್ಚಿದೆ. ಎಸಿ ಹಾಕಿ ಕೊಡುತ್ತೇನೆ ಎಂದಿದ್ದೆ. ಹಾಕಲಿಲ್ಲ.