ಹಸಿರು ಬೆರೆಟ್ ಬಂದ ಮೇಲೆ

೧೯೪೨ರ ಅಕ್ಟೋಬರಿನವರೆಗೆ ಬ್ರಿಟಿಷ್ ಸೈನ್ಯದ ಅಕ್ನಕ್ಯಾರಿ ಕಮಾಂಡೋ ತರಬೇತಿ ಶಿಬಿರದಲ್ಲಿ ಒಬ್ಬೊಬ್ಬರ ತಲೆಯ ಮೇಲೆ ಒಂದೊಂದು ಬಗೆಯ ಟೋಪಿ. ಯಾವ ಪಲ್ಟನ್ನಿನಿಂದ ಬಂದಿದ್ದರೋ ಆ ಪಲ್ಟನ್ನಿನದು. ಫರ್ಕರ್‌ಗೆ ಅದೇ ಸಮಾಧಾನ. ನದಿಗೆ ಅಡ್ಡ ಕಟ್ಟಿದ ಹಗ್ಗದಿಂದ ಬಿದ್ದು ಕಾಲು ಮುರಿದುಕೊಂಡು, ತರಬೇತಿ ಅರ್ಧಕ್ಕೇ ಬಿಟ್ಟು, ಅಡುಗೆಮನೆಯಲ್ಲಿ ಓಟ್ಸ್ ಗಂಜಿ ಕಾಯಿಸುತ್ತಿದ್ದರೂ ಅವನದೂ ಗೆಳೆಯ ಲಾಕ್ಲನ್‌ನದೂ ಒಂದೇ ಕುಚ್ಚಿನ ಟೋಪಿ. ಯಾರು ಗೆದ್ದವರು, ಯಾರು ಸೋತವರು ಎಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ.

ಆ ತಿಂಗಳು ಉಣ್ಣೆಯ ಚಪ್ಪಟೆ ಟೋಪಿ, ಹಸಿರು ಬೆರೆಟ್ ಬಂತು. ತರಬೇತಿ ಮುಗಿಸಿದವರಿಗೆ ಮಾತ್ರ.

ಫರ್ಕರ್ ಬೇಸಿಗೆಯಿಂದಲೂ ಮಾತಾಡಿಸಲು ಹೆಣಗುತ್ತಿದ್ದ ಕ್ಯಾಂಟೀನಿನ ಇಶ್ಬೆಲ್, ತಾನಾಗಿಯೇ ಕೈಚಾಚಿ ಲಾಕ್ಲನ್‌ನ ಬೆರೆಟ್ಟನ್ನು ಓರೆ ಮಾಡಿದಳು. "ಈಗ ನೋಡು, ಗಂಡಸಿನ ಥರ ಕಾಣ್ತೀಯ." ಫರ್ಕರ್‌ನ ಕೈ ತನ್ನ ಕುಚ್ಚಿನ ಟೋಪಿಯನ್ನು ಕಳಚಿ ಜೇಬಿಗೆ ತುರುಕಿತು.

ಮರುದಿನ ಲಾಕ್ಲನ್ ಅದನ್ನು ಅಡುಗೆಮನೆಗೇ ತಂದ. "ತಟ್ಟೆ ಹೊತ್ತ ಹಾಗಿದೆ ಕಣೋ. ಬೆಚ್ಚಗಿನ ನೀರಲ್ಲಿ ನೆನೆಸಿಡು. ತಲೆ ಮೇಲೇ ಒಣಗಿಸಿದ್ರೆ ಆಕಾರಕ್ಕೆ ಬರುತ್ತಂತೆ."

ಅವನು ಹೋದ ಮೇಲೆ ಫರ್ಕರ್ ಅದನ್ನು ತಲೆಗಿಟ್ಟುಕೊಂಡು ತಾಮ್ರದ ಪಾತ್ರೆಯಲ್ಲಿ ಮುಖ ನೋಡಿಕೊಂಡ. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು. ಅದನ್ನೇ ಅವನಿಂದ ತಡೆಯಲಾಗಲಿಲ್ಲ. ಕಿತ್ತು ಕುದಿಯುವ ಹಂಡೆಗೆ ಹಾಕಿದ.

ಕವಾಯತಿನಲ್ಲಿ ಸಾರ್ಜೆಂಟ್, ಕುದ್ದು ಅಂಗೈಯಷ್ಟಾದ ಬೆರೆಟ್ ಹಾಕಿದ್ದ ಲಾಕ್ಲನ್‌ನ ಮುಂದೆ ನಿಂತ. "ಇದೇನಯ್ಯ, ಬೇಯಿಸಿದ ಮೊಟ್ಟೆಗೆ ಹಾಕೋ ಟೋಪಿನಾ?"

"ನಾನೇ ಒಗೆದೆ ಸಾರ್."

ಹೊರೆ ಹೊತ್ತು ಗುಡ್ಡ ಹತ್ತಿಳಿಯುವ ಶಿಕ್ಷೆಯಾಯಿತು. ಕಿಟಕಿಯಿಂದ ನೋಡುತ್ತ ಫರ್ಕರ್‌ಗೆ ಖುಷಿಯೇ ಆಯಿತು, ಗುಡ್ಡದ ಬುಡದಲ್ಲಿ ಇಶ್ಬೆಲ್ ಚಹಾ ಹಿಡಿದು ಕಾಯುತ್ತಿರುವುದು ಕಾಣುವವರೆಗೆ.

ಸಂಜೆ ಅವನೇ ಲಾಕ್ಲನ್‌ನ ಬಳಿ ಹೋದ. "ನನ್ನ ಹೆಸರು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ನನ್ನ ಅಡುಗೆಮನೆಯಿಂದಲೂ ಓಡಿಸ್ತಿದ್ರು." ಲಾಕ್ಲನ್ ಬೂಟು ಕಳಚುತ್ತಿದ್ದ. "ಮರೆತು ಕುದಿಯೋ ನೀರಿಗೆ ಹಾಕ್ದೆ ಅನ್ನಬೇಡ ಮತ್ತೆ."

"ಮರೆತಿರಲಿಲ್ಲ."

"ಗೊತ್ತು. ಕಾಲು ಹೇಗಿದೆ?"

"ನಡೀಬಹುದು."

"ಹಾಗಾದ್ರೆ ಮುಂದಿನ ತಂಡಕ್ಕೆ ಸೇರ್ಕೋ. ಇನ್ನೆಷ್ಟು ಜನರ ಟೋಪಿ ಬೇಯಿಸ್ತೀಯ?"

ಬೈದಿದ್ದರೆ ಚೆನ್ನಾಗಿತ್ತು. ಲಾಕ್ಲನ್‌ನ ಈ ದೊಡ್ಡತನದ ಮೇಲೂ ಫರ್ಕರ್‌ಗೆ ಹೊಟ್ಟೆಕಿಚ್ಚಾಯಿತು. ಆ ಕಿಚ್ಚಿನಲ್ಲೇ ಮತ್ತೆ ತರಬೇತಿಗೆ ಸೇರಿದ, ಚಳಿಗಾಲವೆಲ್ಲ ಕುಂಟುತ್ತಲೇ ಓಡಿ ಮುಗಿಸಿದ. ಬೆರೆಟ್ ಸಿಕ್ಕ ದಿನ ಅದನ್ನು ಓರೆಯಾಗಿಟ್ಟುಕೊಂಡು ನೇರ ಕ್ಯಾಂಟೀನಿಗೆ ಹೋದ. ಇಶ್ಬೆಲ್ ಅಲ್ಲಿರಲಿಲ್ಲ. ಆಗಲೇ ಯುದ್ಧಕ್ಕೆ ಹೋಗಿದ್ದ ಲಾಕ್ಲನ್ ರಜೆಗೆ ಬರುತ್ತಾನೆಂದು ರೈಲು ನಿಲ್ದಾಣಕ್ಕೆ ಹೋಗಿದ್ದಳು.